ಕೆನಡಾದ ಎಫ್‌ಎಚ್‌ಎಸ್‌ಎ: ಮೊದಲ ಮನೆಗೆ ಕೂಡಿಡುವ ಖಾತೆ ಹೇಗಿದೆ?

2023ರ ಏಪ್ರಿಲ್‌ನಲ್ಲಿ ಶುರುವಾದ ಖಾತೆ. ವರ್ಷಕ್ಕೆ 8,000 ಡಾಲರ್, ಒಟ್ಟು 40,000. ಹಾಕಿದ ಹಣ ತೆರಿಗೆ ಕಟ್ಟಬೇಕಾದ ಆದಾಯದಿಂದ ಕಡಿತ. ಮನೆಗೆಂದು ತೆಗೆದರೆ ಲಾಭಕ್ಕೂ ತೆರಿಗೆಯಿಲ್ಲ. ಇಷ್ಟು ಉದಾರ ಸೌಲಭ್ಯ ಅಪರೂಪ.

ಹೆಚ್ಚಿನವರು ಎಡವುವುದು ಇಲ್ಲಿ: ಖಾತೆ ತೆರೆಯುವವರೆಗೆ ವರ್ಷದ 8,000 ಮಿತಿ ಜಮೆಯಾಗುವುದೇ ಇಲ್ಲ. 2024ರಲ್ಲಿ ತೆರೆದು ಬಿಡಿಗಾಸೂ ಹಾಕದವರು 2025ರಲ್ಲಿ 16,000 ಹಾಕಬಹುದು. 2025ರಲ್ಲೇ ತೆರೆದವರಿಗೆ ಆ ವರ್ಷ 8,000 ಮಾತ್ರ. ಮಿತಿ ಮೀರಿದರೆ ಹೆಚ್ಚುವರಿಗೆ ತಿಂಗಳಿಗೆ 1% ತೆರಿಗೆ. ನಿವೃತ್ತಿಗೆಂದು ಕೂಡಿಡುವ ಆರ್‌ಆರ್‌ಎಸ್‌ಪಿ ಖಾತೆಯಂತೆ ಫೆಬ್ರವರಿಯಲ್ಲಿ ಹಾಕಿ ಹಿಂದಿನ ವರ್ಷಕ್ಕೆ ತೋರಿಸುವಂತಿಲ್ಲ, ಡಿಸೆಂಬರ್ 31ಕ್ಕೆ ಬಾಗಿಲು ಬಂದ್.

ತೆಗೆಯುವಾಗ ಆರ್‌ಸಿ725 ಫಾರಂ ತುಂಬಬೇಕು, ಮನೆಯ ಲಿಖಿತ ಕರಾರೂ ಆಗಿರಬೇಕು. ಕೊಳ್ಳದಿದ್ದರೆ 15 ವರ್ಷದೊಳಗೆ ಆರ್‌ಆರ್‌ಎಸ್‌ಪಿಗೆ ವರ್ಗಾಯಿಸಿ. ಟೊರಾಂಟೊ ಬೆಲೆಗೆ 40,000 ಏನೇನೂ ಸಾಲದು, ನಿಜ. ಗಂಡ ಹೆಂಡತಿ ಇಬ್ಬರೂ ತೆರೆದರೆ ಡೌನ್‌ಪೇಮೆಂಟ್‌ಗೆ 80,000 ಕೈಗೆ ಬರುತ್ತದೆ.