ಮೇ ತಿಂಗಳ ಸ್ಕೀಯಿಂಗ್ ಪ್ಯಾಕೇಜಿಗೆ ಮುಂಗಡ ಕೊಡುವ ಮುನ್ನ

ಬೆಳಗಾವಿಯಲ್ಲಿ ಬೇಸಿಗೆ ರಜೆಯ ಪ್ರವಾಸಗಳ ಬುಕಿಂಗ್ ಶುರುವಾಗಿದೆ. ಮೊನ್ನೆ ಖಡೇಬಜಾರಿನಲ್ಲಿ ಒಬ್ಬರು ನನ್ನ ಕೈಗಿತ್ತ ಕರಪತ್ರದಲ್ಲಿ "ಮೇ ತಿಂಗಳ ವಿಶೇಷ: ಹಿಮಾಲಯದಲ್ಲಿ ಮಕ್ಕಳಿಗೆ ಸ್ಕೀಯಿಂಗ್ ತರಬೇತಿ" ಎಂಬ ಸಾಲನ್ನು ಮತ್ತೆ ಕಂಡೆ. ಇದೇ ಮಾತನ್ನು ನಂಬಿ 2024ರ ಮೇ ತಿಂಗಳಲ್ಲಿ ನಾವು ನಾಲ್ಕು ಜನ 1,12,000 ರೂಪಾಯಿ ಕಟ್ಟಿ ಉತ್ತರಾಖಂಡದ ಔಲಿಗೆ ಹೋಗಿದ್ದೆವು. ಅಲ್ಲಿ ಒಂದು ಹಿಡಿ ಹಿಮವೂ ನಮ್ಮ ಕೈಗೆ ಸಿಗಲಿಲ್ಲ. ಇನ್ನೊಂದು ಕುಟುಂಬಕ್ಕೆ ಹೀಗಾಗಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ನನ್ನ ಮಗಳು ಆರು ವರ್ಷಗಳಿಂದ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ನಮ್ಮ ಊರಿನಲ್ಲಿ ಸ್ಕೇಟಿಂಗ್ ಕಲಿಯುವ ಮಕ್ಕಳು ಬಹಳ. ಚಕ್ರದ ಮೇಲೆ ತೂಕ ಕಾಯ್ದುಕೊಳ್ಳಲು ಬಂದವರಿಗೆ ಕಾಲಿಗೆ ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಬೇಗ ಒಲಿಯುತ್ತದೆ ಎಂದು ಅವಳ ತರಬೇತುದಾರರು ಹೇಳಿದಂದಿನಿಂದ ಅವಳಿಗೆ ಅದೇ ಧ್ಯಾನವಾಗಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಮೇಲೆ ಕರೆದುಕೊಂಡು ಹೋಗುತ್ತೇವೆಂದು ಮಾತು ಕೊಟ್ಟಿದ್ದೆವು. ನಾನು ಪ್ರೌಢಶಾಲೆಯ ಶಿಕ್ಷಕಿಯಾದ್ದರಿಂದ ಮೇ 7ರ ಲೋಕಸಭಾ ಚುನಾವಣೆಯ ಕರ್ತವ್ಯ ಮುಗಿಯುವವರೆಗೆ ಊರು ಬಿಡುವಂತಿರಲಿಲ್ಲ, ಹೀಗಾಗಿ ಮೇ ಮೂರನೆಯ ವಾರವೇ ನಮಗೆ ಉಳಿದದ್ದು.

ಪ್ರವಾಸ ಕಚೇರಿಯವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಮೇ ತಿಂಗಳಲ್ಲಿ ಅಲ್ಲಿ ಹಿಮ ಇರುತ್ತದೆಯೇ? ಅವರು ಕೊಟ್ಟ ಉತ್ತರ ಇಂದಿಗೂ ನೆನಪಿದೆ. "ಮೇಡಂ, ಮೇ ಅಂದ್ರ ಪೀಕ್ ಸೀಸನ್ ರೀ. ಹತ್ತು ಸಾವಿರ ಫೂಟ್ ಎತ್ತರ ಐತಿ, ಹಿಮ ಇರಲಾರದ ಹೆಂಗ ರೀ? ಈಗ ಬುಕ್ ಮಾಡ್ಲಿಲ್ಲಂದ್ರ ರೂಮ್ ಸಿಗಂಗಿಲ್ಲ." ಬೆಳ್ಳಗೆ ಹೊಳೆಯುವ ಇಳಿಜಾರಿನ ನಾಲ್ಕು ಫೋಟೋಗಳನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಆ ಮಾತಿನಲ್ಲಿ ಎತ್ತರ ನಿಜ, ರೂಮ್ ಸಿಗುವುದು ಕಷ್ಟ ಎಂಬುದೂ ನಿಜ. ಮೇ ತಿಂಗಳು ಹೋಟೆಲ್ಲುಗಳಿಗೆ, ಟ್ಯಾಕ್ಸಿಗಳಿಗೆ ಸೀಸನ್. ಸ್ಕೀಯಿಂಗ್‌ನ ಸೀಸನ್ ಬೇರೆಯೇ ಆಗಿದ್ದು, ಔಲಿಯಲ್ಲಿ ಅದು ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ. ಒಂದು ಪದದ ಎರಡು ಅರ್ಥಗಳ ನಡುವೆ ನಮ್ಮ ಹಣ ಹೋಯಿತು.

ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ದೆಹಲಿಗೆ, ಅಲ್ಲಿಂದ ಹರಿದ್ವಾರಕ್ಕೆ, ಮುಂದೆ ಬದರಿನಾಥದ ದಾರಿಯಲ್ಲಿ ಜೋಶಿಮಠಕ್ಕೆ ಹೋದೆವು. ಆ ವರ್ಷ ಕೇದಾರನಾಥ ಮೇ 10ಕ್ಕೆ, ಬದರಿನಾಥ ಮೇ 12ಕ್ಕೆ ತೆರೆದಿದ್ದವು. ಚಾರ್‌ಧಾಮ್ ಯಾತ್ರೆಯ ಮೊದಲ ವಾರಗಳ ನೂಕುನುಗ್ಗಲಿನಲ್ಲಿ ಒಂದು ದಿನದ ದಾರಿಗೆ ಎರಡು ದಿನ ಹಿಡಿಯಿತು. ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇಯಲ್ಲಿ ಕರೆದೊಯ್ಯುವುದಾಗಿ ಪ್ಯಾಕೇಜಿನಲ್ಲಿ ಬರೆದಿತ್ತು. ಊರಿನ ನೆಲ ಕುಸಿಯತೊಡಗಿದ ಕಾರಣ ಆ ರೋಪ್‌ವೇಯನ್ನು 2023ರ ಜನವರಿಯಲ್ಲಿಯೇ ನಿಲ್ಲಿಸಿದ್ದರು. ದೇಶದ ಎಲ್ಲ ಪತ್ರಿಕೆಗಳಲ್ಲಿ ಬಂದ ಸುದ್ದಿ ಅದು. ಹದಿನಾರು ತಿಂಗಳ ನಂತರವೂ ಅದನ್ನು ತೋರಿಸಿ ಹಣ ಪಡೆದವರು ಆ ಊರಿಗೆ ಒಂದು ಫೋನನ್ನಾದರೂ ಮಾಡಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಜೀಪಿನಲ್ಲಿ ಮೇಲೆ ಹೋದಾಗ ಕಂಡದ್ದು ಹಸಿರು ಹುಲ್ಲುಗಾವಲು. ಅಲ್ಲಿಯವರು ಅದನ್ನು ಬುಗ್ಯಾಲ್ ಎನ್ನುತ್ತಾರೆ. ಕುರಿಗಳು ಮೇಯುತ್ತಿದ್ದವು. ಸ್ಕೀ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಬೀಗ ಬಿದ್ದಿತ್ತು. ದೂರದಲ್ಲಿ 7,816 ಮೀಟರ್ ಎತ್ತರದ ನಂದಾದೇವಿಯ ಮೇಲೆ ಹಿಮ ಧಾರಾಳವಾಗಿತ್ತು, ನಾವು ನಿಂತಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನೋಡಲು ಅದು ಬಹಳ ಚೆಲುವಾದ ಜಾಗ ಎಂಬುದನ್ನು ಒಪ್ಪುತ್ತೇನೆ. ಮಗಳು ಊರಿನಿಂದ ತಂದಿದ್ದ ಹೊಸ ಕೈಗವಸುಗಳನ್ನು ಒಂದು ಮಾತೂ ಆಡದೆ ಚೀಲದೊಳಗೆ ಇಟ್ಟುಕೊಂಡದ್ದನ್ನು ಕಂಡಾಗ ಮಾತ್ರ ನನಗೆ ಆ ಚೆಲುವು ಬೇಡವಾಯಿತು. ಜೀಪಿನ ಚಾಲಕ ನಮ್ಮನ್ನೇ ನೋಡಿ, ಹೋಳಿ ಮುಗಿದ ಮೇಲೆ ಇಲ್ಲಿ ಯಾರೂ ಸ್ಕೀಯಿಂಗಿಗೆ ಬರುವುದಿಲ್ಲವಲ್ಲ, ನಿಮಗೆ ಯಾರು ಹೇಳಿದರು ಎಂದು ಕೇಳಿದ. ಕಚೇರಿಗೆ ಫೋನ್ ಮಾಡಿದೆವು. "ಹಿಮ ದೇವರ ಕೈಯಾಗ ಐತ್ರಿ ಮೇಡಂ" ಎಂಬ ಉತ್ತರ ಬಂತು. ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಬೀಳುವುದು ದೇವರ ಕೈಯಲ್ಲಿದ್ದರೂ ಇರಬಹುದು. ಮೇ ಮೂರನೆಯ ವಾರದಲ್ಲಿ ಔಲಿಯ ಇಳಿಜಾರಿನಲ್ಲಿ ಹಿಮ ಇರುವುದಿಲ್ಲ ಎಂಬುದು ಪ್ರತಿ ವರ್ಷದ ಸಂಗತಿ.

ಊರಿಗೆ ಬಂದ ಮೇಲೆ ಮಗಳೂ ನಾನೂ ಕುಳಿತು, ವಸಂತದ ಕೊನೆಯವರೆಗೆ ನಿಜವಾಗಿ ಎಲ್ಲಿ ಸ್ಕೀಯಿಂಗ್ ನಡೆಯುತ್ತದೆ ಎಂಬುದನ್ನು ಓದಿ ತಿಳಿದುಕೊಂಡೆವು. ಎತ್ತರ ಒಂದೇ ಸಾಲದು ಎಂಬುದು ನಮಗೆ ಮೊದಲು ಮನದಟ್ಟಾಯಿತು. ಔಲಿ ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿದ್ದರೂ 30 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಮೇ ತಿಂಗಳ ಸೂರ್ಯ ಹೆಚ್ಚು ಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಸ್ವೀಡನ್ನಿನ ರಿಕ್ಸ್‌ಗ್ರಾನ್ಸೆನ್‌ನ ತುದಿ ಸಾವಿರ ಮೀಟರ್ ಕೂಡ ಇಲ್ಲ, ಆದರೆ ಅದು ಆರ್ಕ್ಟಿಕ್ ವೃತ್ತದ ಆಚೆ ಇರುವುದರಿಂದ ಮೇ ತಿಂಗಳಲ್ಲಿಯೂ ಅಲ್ಲಿ ಸ್ಕೀಯಿಂಗ್ ನಡೆಯುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಅರಾಪಹೋ ಬೇಸಿನ್ ಎಂಬಲ್ಲಿ ಬುಡವೇ ಸುಮಾರು 3,286 ಮೀಟರ್ ಎತ್ತರದಲ್ಲಿದ್ದು, ಸಾಮಾನ್ಯವಾಗಿ ಜೂನ್ ಆರಂಭದವರೆಗೆ ಅದು ತೆರೆದಿರುತ್ತದೆ. ಕ್ಯಾಲಿಫೋರ್ನಿಯಾದ ಮ್ಯಾಮತ್ ಪರ್ವತದಲ್ಲಿ ಹಿಮ ವಿಪರೀತ ಬಿದ್ದ 2023ರಲ್ಲಿ ಆಗಸ್ಟ್ 6ರವರೆಗೂ ಸ್ಕೀ ಮಾಡುವವರನ್ನು ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟುಗಳು ನಡೆದವು. ಆಸ್ಟ್ರಿಯಾದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಇವೆರಡೂ ಹಿಮನದಿಯ ಮೇಲಿರುವುದರಿಂದ ವರ್ಷಪೂರ್ತಿ ತೆರೆದಿರುತ್ತವೆ ಎಂದೇ ಹೆಸರುವಾಸಿ. ಹೀಗಿದ್ದರೂ 2022ರ ಜುಲೈ ಕೊನೆಯಲ್ಲಿ ಬಿಸಿಲಿಗೆ ಹಿಮ ಕರಗಿ ಜೆರ್ಮಾಟ್‌ನಲ್ಲಿ ಬೇಸಿಗೆಯ ಸ್ಕೀಯಿಂಗನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಇದನ್ನು ಓದಿ ಹಾಗಾದರೆ ಮೇ ತಿಂಗಳಲ್ಲಿ ಯುರೋಪಿಗೆ ಹೋಗೋಣ ಎನ್ನುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಆಲ್ಪ್ಸ್‌ನ ಬಹುಪಾಲು ರೆಸಾರ್ಟುಗಳು ಏಪ್ರಿಲ್‌ನಲ್ಲಿಯೇ ಮುಚ್ಚುತ್ತವೆ. 2,300 ಮೀಟರ್ ಎತ್ತರದ, ಫ್ರಾನ್ಸಿನ ವಾಲ್ ತೊರಾನ್ಸ್‌ನಂಥ ಊರೂ ಸಾಮಾನ್ಯವಾಗಿ ಮೇ ಮೊದಲ ವಾರದ ಹೊತ್ತಿಗೆ ಬಾಗಿಲು ಹಾಕುತ್ತದೆ. ತೆರೆದಿರುವ ಕಡೆಗಳಲ್ಲಿ ಸಹ, ತೆರೆದಿದೆ ಎಂಬ ಮಾತಿಗೆ ಇಡೀ ಪರ್ವತ ತೆರೆದಿದೆ ಎಂಬ ಅರ್ಥವಿಲ್ಲ, ಒಂದೆರಡು ಲಿಫ್ಟುಗಳು ಮಾತ್ರ ನಡೆಯುತ್ತಿರಬಹುದು. ಹಿಮ ಕೆಳಗಿನಿಂದ ಮೇಲಕ್ಕೆ ಕರಗುತ್ತ ಹೋಗುತ್ತದೆ. ಹೊಸಬರು ಕಲಿಯುವ ಸಪಾಟು ಇಳಿಜಾರುಗಳು ಸಾಮಾನ್ಯವಾಗಿ ಬುಡದಲ್ಲಿಯೇ ಇರುವುದರಿಂದ ಅವೇ ಮೊದಲು ಬರಿದಾಗುತ್ತವೆ, ಮೇಲೆ ಉಳಿಯುವುದು ಕಡಿದಾದ, ಅನುಭವಿಗಳ ದಾರಿ. ವಸಂತದ ಹಿಮ ರಾತ್ರಿ ಗಟ್ಟಿಯಾಗಿ ಬೆಳಗಿನಲ್ಲಿ ಗಾಜಿನಂತಿದ್ದು, ಹತ್ತು ಹನ್ನೊಂದು ಗಂಟೆಗೆ ಹದಕ್ಕೆ ಬಂದು, ಮಧ್ಯಾಹ್ನ ಕೆಸರಿನಂತೆ ಕಾಲು ಹಿಡಿಯುತ್ತದೆ. ಹೀಗಾಗಿ ಎಲ್ಲಿ ಹೆಚ್ಚು ದಿನ ತೆರೆದಿರುತ್ತದೆ ಎಂಬ ಪಟ್ಟಿಗಳು ಈಗಾಗಲೇ ಕಲಿತವರಿಗೆ ಉಪಯುಕ್ತ. ನಮ್ಮ ಮಕ್ಕಳು ಮೊದಲ ಸಲ ಸ್ಕೀ ಕಟ್ಟಿಕೊಳ್ಳುವವರು. ಭೂಮಿಯ ದಕ್ಷಿಣ ಭಾಗದ ನ್ಯೂಜಿಲೆಂಡ್, ಚಿಲಿಗಳಲ್ಲಿ ಜೂನ್‌ನಲ್ಲಿ ಸೀಸನ್ ಆರಂಭವಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ನಮ್ಮ ಶಾಲೆಗಳ ಗಂಟೆ ಬಾರಿಸಿರುತ್ತದೆ.

ಔಲಿ ಬಿಟ್ಟರೆ ಬೇರೆ ಕಡೆ ಸಿಗುತ್ತದೆ ಎಂದು ಹೇಳುವವರೂ ಇದ್ದಾರೆ. ಗುಲ್ಮಾರ್ಗ್‌ನ ಗೊಂಡೊಲಾ ಎಂಬ ಕೇಬಲ್ ಕಾರು ಎರಡನೆಯ ಹಂತದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಮೇ ತಿಂಗಳಲ್ಲಿ ಅಲ್ಲಿ ಹಿಮ ಕಾಣುವುದು ನಿಜ. ಆದರೆ ಕಲಿಕೆಯ ಇಳಿಜಾರುಗಳಿರುವುದು ಕೆಳಗಿನ 2,650 ಮೀಟರ್‌ನ ಬಯಲಿನಲ್ಲಿ, ಅವು ಮೇ ಹೊತ್ತಿಗೆ ಹಸಿರಾಗಿರುತ್ತವೆ. ಮನಾಲಿ ಹತ್ತಿರದ ಸೋಲಂಗ್ ಕಣಿವೆಯಲ್ಲಿ ಮೇ ತಿಂಗಳೆಂದರೆ ಪ್ಯಾರಾಗ್ಲೈಡಿಂಗ್ ಕಾಲ. 3,978 ಮೀಟರ್ ಎತ್ತರದ ರೋಹತಾಂಗ್ ಕಣಿವೆಮಾರ್ಗದಲ್ಲಿ ಹಿಮ ಉಳಿದಿರುತ್ತದೆ, ಅಲ್ಲಿಗೆ ಹೋಗಲು ವಾಹನಕ್ಕೆ ಪರವಾನಗಿ ಬೇಕು ಮತ್ತು ದಿನಕ್ಕೆ ಇಂತಿಷ್ಟೇ ವಾಹನಗಳೆಂಬ ಮಿತಿಯಿದೆ. ಅಲ್ಲಿ ಹಿಮದಲ್ಲಿ ಆಡಬಹುದು, ಬಾಡಿಗೆಯ ಸ್ಕೀ ಕಟ್ಟಿಕೊಂಡು ಹತ್ತು ಹೆಜ್ಜೆ ಜಾರಿ ಫೋಟೋ ತೆಗೆಸಿಕೊಳ್ಳಬಹುದು. ಹಿಮ ನೋಡುವುದಷ್ಟೇ ಆಸೆಯಿದ್ದರೆ ಸಂತೋಷದಿಂದ ಹೋಗಿ ಬನ್ನಿ, ಅದನ್ನು ಸ್ಕೀಯಿಂಗ್ ತರಬೇತಿಯೆಂದು ಮಾರಿದರೆ ಕೊಳ್ಳಬೇಡಿ.

ಕಲಿಯಲೇಬೇಕೆಂಬ ಮಕ್ಕಳಿದ್ದರೆ ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಶಾಲೆಗೆ ರಜೆ ಕೇಳಿ ಹೋಗುವುದೊಂದೇ ಸರಿಯಾದ ದಾರಿ. ಶಿಕ್ಷಕಿಯಾಗಿ ಈ ಮಾತು ಹೇಳಲು ನನಗೆ ಮುಜುಗರವಿದೆ, ಆದರೂ ಹೇಳುತ್ತೇನೆ. ಔಲಿಯಲ್ಲಿ ಉತ್ತರಾಖಂಡ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆಯಾದ ಗಢವಾಲ ಮಂಡಲ ವಿಕಾಸ ನಿಗಮದ ಸ್ಕೀಯಿಂಗ್ ಶಿಬಿರಗಳು ಚಳಿಗಾಲದಲ್ಲಿಯೇ ನಡೆಯುತ್ತವೆ. ಯಾರೇ ಪ್ಯಾಕೇಜ್ ಕೊಟ್ಟರೂ ನೀವು ಹೋಗುವ ವಾರದಲ್ಲಿಯೇ ಹಿಂದಿನ ವರ್ಷ ತೆಗೆದ, ದಿನಾಂಕವಿರುವ ಫೋಟೋ ಕೇಳಿ. ಕಲಿಸುವ ಜಾಗಕ್ಕೆ ನೀವೇ ಫೋನ್ ಮಾಡಿ ಹೊಸಬರ ಇಳಿಜಾರು ತೆರೆದಿರುತ್ತದೆಯೇ, ಶಿಕ್ಷಕರು ಇರುತ್ತಾರೆಯೇ, ಸ್ಕೀ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಿ. ಎಲ್ಲಕ್ಕಿಂತ ಹೆಚ್ಚಾಗಿ ರಸೀದಿಯನ್ನು ಓದಿ. ಬಾಯಿಮಾತಿನಲ್ಲಿ ನೂರು ಸಲ ಸ್ಕೀಯಿಂಗ್ ಎಂದವರು ನಮ್ಮ ರಸೀದಿಯಲ್ಲಿ ಆ ಪದವನ್ನೇ ಬರೆದಿರಲಿಲ್ಲ. ಅಲ್ಲಿದ್ದದ್ದು "ಹಿಮದ ಚಟುವಟಿಕೆ, ಲಭ್ಯತೆಗೆ ಒಳಪಟ್ಟು" ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು. ನಾನು ಅದನ್ನು ಜೋಶಿಮಠದ ಕೋಣೆಯಲ್ಲಿ ಕುಳಿತು ಮೊದಲ ಸಲ ಓದಿದೆ.

ನಮ್ಮನ್ನು ಕಾಪಾಡಿದ್ದು ವಾಟ್ಸ್‌ಆ್ಯಪ್ ಸಂದೇಶಗಳು. ಅವುಗಳಲ್ಲಿ ಅವರೇ ಸ್ಕೀಯಿಂಗ್ ಎಂದು ಮೂರು ಕಡೆ ಬರೆದಿದ್ದರು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಿ, ಆ ಸಂದೇಶಗಳ ಪ್ರತಿಯೊಂದಿಗೆ ಲಿಖಿತ ನೋಟಿಸು ಕಳಿಸಿದ ಮೇಲೆ 24,000 ರೂಪಾಯಿ ಹಿಂದಿರುಗಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವೂ ಇಲ್ಲ. ನಾವು ಕಳಿಸಿದ ನೋಟಿಸಿನ ಪ್ರತಿಯನ್ನು ಇಟ್ಟುಕೊಂಡಿದ್ದೇನೆ. ಇಂಥದ್ದೇ ಪ್ಯಾಕೇಜಿಗೆ ಈಗಾಗಲೇ ಮುಂಗಡ ಕೊಟ್ಟವರು ಯಾರಾದರೂ ಇದ್ದರೆ ಕೇಳಿ, ನಿಮ್ಮ ವಿವರ ಹಾಕಿಕೊಂಡು ಬಳಸಲು ಬರುವಂತೆ ಅದನ್ನು ಕಳಿಸಿಕೊಡುತ್ತೇನೆ.