ಸೋನಿಕ್ ಒರಿಜಿನ್ಸ್ ಪ್ಲಸ್: ಕಥೆಗೆ ಕ್ರಮ ಬಂದಿದೆ, ಹೆಸರುಗಳ ಗೊಂದಲ ಹಾಗೆಯೇ ಉಳಿದಿದೆ

ಜಪಾನಿನ ವಿಡಿಯೊ ಗೇಮ್ ಸಂಸ್ಥೆ ಸೆಗಾ 2022ರ ಜೂನ್ 23ರಂದು ಬಿಡುಗಡೆ ಮಾಡಿದ 'ಸೋನಿಕ್ ಒರಿಜಿನ್ಸ್' ಎಂಬ ಸಂಕಲನವನ್ನೂ, ಸರಿಯಾಗಿ ಒಂದು ವರ್ಷದ ನಂತರ ಅದಕ್ಕೆ ಹೊಸ ಭಾಗಗಳನ್ನು ಸೇರಿಸಿ ಹೊರತಂದ 'ಸೋನಿಕ್ ಒರಿಜಿನ್ಸ್ ಪ್ಲಸ್' ಅನ್ನೂ ನಾನು ಆಡಿದ್ದು ಓಟದ ಸೊಗಸಿಗಾಗಿ ಮಾತ್ರವಲ್ಲ. ಸೋನಿಕ್ ಎಂಬ ನೀಲಿ ಮುಳ್ಳಿಲಿಯ ಮೊದಲ ನಾಲ್ಕು ಮುಖ್ಯ ಆಟಗಳು, ಅಂದರೆ 1991ರ 'ಸೋನಿಕ್ ದಿ ಹೆಡ್ಜ್‌ಹಾಗ್', 1992ರ 'ಸೋನಿಕ್ 2', 1993ರ 'ಸೋನಿಕ್ ಸಿಡಿ' ಮತ್ತು 1994ರಲ್ಲಿ ಎರಡು ಕಾರ್ಟ್ರಿಜ್‌ಗಳಾಗಿ ಬಂದು ಒಂದರ ಮೇಲೊಂದು ಕೂಡಿಸಿ ಆಡಬಹುದಾಗಿದ್ದ 'ಸೋನಿಕ್ 3' ಹಾಗೂ 'ಸೋನಿಕ್ ಆ್ಯಂಡ್ ನಕಲ್ಸ್', ಇಲ್ಲಿ ಒಂದೇ ಕಥೆಯಾಗಿ ಪೋಣಿಸಲ್ಪಟ್ಟಿವೆ ಎಂಬ ಮಾತೇ ನನ್ನನ್ನು ಸೆಳೆಯಿತು. ಮೂರು ದಶಕಗಳಿಂದ ಈ ಸರಣಿಯ ಅಭಿಮಾನಿಗಳು ಯಾವ ಆಟ ಮೊದಲು, ಯಾವುದು ನಂತರ, ಖಳನಾಯಕನ ನಿಜವಾದ ಹೆಸರು ಯಾವುದು, ಇದೆಲ್ಲ ನಡೆಯುವುದು ಯಾವ ಗ್ರಹದಲ್ಲಿ ಎಂದು ವಾದಿಸುತ್ತಲೇ ಬಂದಿದ್ದಾರೆ. ಆ ವಾದಗಳನ್ನು ಈ ಸಂಕಲನ ಎಷ್ಟರ ಮಟ್ಟಿಗೆ ಬಗೆಹರಿಸಿದೆ ಎಂಬುದೇ ಈ ವಿಮರ್ಶೆಯ ವಿಷಯ.

ಮೊದಲು ಕ್ರಮದ ಪ್ರಶ್ನೆ. 'ಕಥಾ ಕ್ರಮ'ದಲ್ಲಿ ಆಡಿದಾಗ ಮೊದಲ ಸೋನಿಕ್‌ನ ನಂತರ 'ಸೋನಿಕ್ ಸಿಡಿ' ಬರುತ್ತದೆ, ಆಮೇಲೆ 'ಸೋನಿಕ್ 2', ಕೊನೆಗೆ 'ಸೋನಿಕ್ 3' ಮತ್ತು 'ನಕಲ್ಸ್'. ಬಿಡುಗಡೆಯ ವರ್ಷದ ಪ್ರಕಾರ ಇದು ಹಿಂದುಮುಂದು. 'ಸಿಡಿ'ಯ ಕಥೆಯಲ್ಲಿ ಎರಡು ಬಾಲದ ನರಿ ಟೇಲ್ಸ್ ಸೋನಿಕ್‌ನ ಜೊತೆಗಾರನಾಗಿ ಬರುವುದಿಲ್ಲವಾದ್ದರಿಂದ, ಅವರಿಬ್ಬರ ಸ್ನೇಹ ಆರಂಭವಾಗುವ 'ಸೋನಿಕ್ 2'ಕ್ಕಿಂತ ಅದು ಮೊದಲೇ ನಡೆದಿರಬೇಕು ಎನ್ನುವವರ ವಾದಕ್ಕೆ ಈಗ ಸೆಗಾದ ಮುದ್ರೆ ಬಿದ್ದಂತಾಯಿತು. ಆದರೆ ಎದುರು ಪಕ್ಷದವರ ಬಳಿಯೂ ಗಟ್ಟಿಯಾದ ಪ್ರಶ್ನೆಯೊಂದಿದೆ. 'ಸಿಡಿ'ಯಲ್ಲಿ ಬರುವ, ಸೋನಿಕ್‌ನದೇ ಯಂತ್ರರೂಪವಾದ ಮೆಟಲ್ ಸೋನಿಕ್ ನಯವಾದ, ಮಿಂಚಿನ ವೇಗದ ಯಂತ್ರ. 'ಸೋನಿಕ್ 2'ರಲ್ಲಿ ಖಳನಾಯಕನ ಬಾಹ್ಯಾಕಾಶ ಕೋಟೆಯಾದ ಡೆತ್ ಎಗ್‌ನಲ್ಲಿ ಎದುರಾಗುವ ಮೆಕಾ ಸೋನಿಕ್ ಧಡೂತಿ ತಗಡಿನ ಗೊಂಬೆ. ಅಷ್ಟು ಚೆಂದದ ಯಂತ್ರವನ್ನು ಒಮ್ಮೆ ಕಟ್ಟಿದ ಖಳನಾಯಕ ಮುಂದಿನ ಸಲ ಇಷ್ಟು ಒರಟಾದುದನ್ನು ಏಕೆ ಕಟ್ಟಿದ? ಇದಕ್ಕೆ ಸಂಕಲನದಲ್ಲಿ ಉತ್ತರವಿಲ್ಲ. ಸಾಲದ್ದಕ್ಕೆ 'ಸೋನಿಕ್ ಆ್ಯಂಡ್ ನಕಲ್ಸ್'ನಲ್ಲಿ ಬರುವ ಬೇರೆಯೇ ಯಂತ್ರಕ್ಕೂ ಮೆಕಾ ಸೋನಿಕ್ ಎಂಬುದೇ ಹೆಸರು. ಗುರುತಿಗಾಗಿ ಅಭಿಮಾನಿಗಳು ಮೊದಲನೆಯದನ್ನು ಸಿಲ್ವರ್ ಸೋನಿಕ್ ಎಂದು ಕರೆದುಕೊಂಡರು.

ಆಟಗಳ ನಡುವೆ ಹೊಸದಾಗಿ ಸೇರಿಸಿರುವ ಚಲನಚಿತ್ರಿಕೆಗಳು ಕಣ್ಣಿಗೆ ಹಬ್ಬ. ಒಂದು ಆಟದ ಕೊನೆಗೂ ಇನ್ನೊಂದರ ಮೊದಲಿಗೂ ಸೇತುವೆ ಹಾಕುವ ಕೆಲಸವನ್ನು ಅವು ಅಂದವಾಗಿ ಮಾಡುತ್ತವೆ. ಆದರೆ ಇಡೀ ಚಿತ್ರಮಾಲಿಕೆಯಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಹಳೆಯ ಆಟಗಳ ಮೌನಕ್ಕೆ ಇದು ಒಪ್ಪುತ್ತದೆ ಎಂದು ಹೊಗಳಬಹುದು. ನನಗಂತೂ ಇದರಲ್ಲಿ ಒಂದಿಷ್ಟು ಜಾಣತನವೂ ಕಾಣುತ್ತದೆ. ಮಾತೇ ಇಲ್ಲದಿದ್ದರೆ ಯಾರನ್ನೂ ಹೆಸರು ಹಿಡಿದು ಕರೆಯಬೇಕಾಗಿಲ್ಲ. ಮೊದಲ ಆಟದಲ್ಲಿ ಆರೇ ಇದ್ದ, ಕೇಯಾಸ್ ಎಮರಾಲ್ಡ್ ಎಂಬ ಶಕ್ತಿಯ ರತ್ನಗಳು ಎರಡನೆಯದರಲ್ಲಿ ಏಳಾದದ್ದು ಹೇಗೆ ಎಂದು ವಿವರಿಸಬೇಕಾಗಿಯೂ ಇಲ್ಲ.

ಹೆಸರುಗಳ ವಿಷಯಕ್ಕೆ ಬಂದರೆ ಮೊದಲು ನಿಲ್ಲುವವನು ಖಳನಾಯಕನೇ. ಜಪಾನಿನಲ್ಲಿ ಅವನು 1991ರಿಂದಲೂ ಡಾಕ್ಟರ್ ಎಗ್‌ಮನ್. ಅಮೆರಿಕ ಮತ್ತು ಯುರೋಪಿನಲ್ಲಿ ಅದೇ ಮನುಷ್ಯ ಡಾಕ್ಟರ್ ಐವೊ ರೊಬಾಟ್ನಿಕ್ ಆದ. ಹೆಸರು ಬದಲಿಸಿದವರು ಅವನ ಯಂತ್ರಗಳ ಹೆಸರನ್ನು ಬದಲಿಸಲಿಲ್ಲ. ಹಾಗಾಗಿ ರೊಬಾಟ್ನಿಕ್ ಎಂಬಾತ ಯಾವ ಕಾರಣವೂ ಇಲ್ಲದೆ ತನ್ನ ಬಾಹ್ಯಾಕಾಶ ಕೋಟೆಗೆ 'ಡೆತ್ ಎಗ್' ಎಂದು ಹೆಸರಿಟ್ಟಂತಾಯಿತು. ಬ್ರಿಟನ್ನಿನ ಚಿತ್ರಕಥೆಗಳು ಇನ್ನೂ ಮುಂದೆ ಹೋಗಿ, ಓವಿ ಕಿಂಟೊಬೋರ್ ಎಂಬ ಸಾಧು ವಿಜ್ಞಾನಿಯೊಬ್ಬ ಪ್ರಯೋಗಶಾಲೆಯ ಅಪಘಾತದಲ್ಲಿ, ಅದೂ ಒಂದು ಕೊಳೆತ ಮೊಟ್ಟೆಯ ದೆಸೆಯಿಂದ, ದುಷ್ಟ ರೊಬಾಟ್ನಿಕ್ ಆಗಿ ಬದಲಾದ ಎಂದು ಕಥೆ ಕಟ್ಟಿದವು. ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಗುಟ್ಟು ತಿಳಿಯುತ್ತದೆ. 1998ರಲ್ಲಿ ಜಪಾನಿನಲ್ಲಿ ಬಂದ 'ಸೋನಿಕ್ ಅಡ್ವೆಂಚರ್'ನ ಇಂಗ್ಲಿಷ್ ಅವತರಣಿಕೆ ಎರಡೂ ಹೆಸರನ್ನು ಉಳಿಸಿಕೊಂಡು, ಎಗ್‌ಮನ್ ಎಂಬುದನ್ನು ಸೋನಿಕ್ ಅವನನ್ನು ಹಂಗಿಸಿ ಕರೆಯುವ ಹೆಸರನ್ನಾಗಿಸಿತು. 2001ರ 'ಸೋನಿಕ್ ಅಡ್ವೆಂಚರ್ 2'ರಲ್ಲಿ ಅವನ ಅಜ್ಜ ಜೆರಾಲ್ಡ್ ರೊಬಾಟ್ನಿಕ್ ಕಾಣಿಸಿಕೊಂಡ ಮೇಲೆ ಅದು ಮನೆತನದ ಹೆಸರು ಎಂದಾಯಿತು. ಅಲ್ಲಿಗೆ ಕಿಂಟೊಬೋರನ ಕಥೆ ನಿಲ್ಲಲು ನೆಲವಿಲ್ಲದೆ ಹೋಯಿತು, ಏಕೆಂದರೆ ಅಜ್ಜನ ಕಾಲದಿಂದಲೂ ರೊಬಾಟ್ನಿಕ್ ಆಗಿದ್ದವನು ಅಪಘಾತದಿಂದ ಆ ಹೆಸರನ್ನು ಪಡೆಯಲಾರ.

ಇಲ್ಲಿ ಸ್ವಂತದ ಒಂದು ಮಾತು. ನಾವು ಚಿಕ್ಕವರಿದ್ದಾಗ ದಾಯಾದಿ ಅಣ್ಣನ ಮನೆಯಲ್ಲಿ ಆಡುತ್ತಿದ್ದ ಕಾರ್ಟ್ರಿಜ್‌ಗೆ ಪೆಟ್ಟಿಗೆಯೂ ಇರಲಿಲ್ಲ, ಕೈಪಿಡಿಯೂ ಇರಲಿಲ್ಲ. ಅಮೆರಿಕದ ಕಥೆಯಾಗಲಿ ಜಪಾನಿನ ಕಥೆಯಾಗಲಿ ನಮ್ಮ ಕೈಸೇರಲೇ ಇಲ್ಲ. ಆ ಗುಂಡು ಮೈಯ, ಪೊದೆಮೀಸೆಯ ಆಸಾಮಿಯನ್ನು ನಾವೇ 'ಮೊಟ್ಟೆ ಮಾಮ' ಎಂದು ಕರೆಯುತ್ತಿದ್ದೆವು. ಜಪಾನಿನವರು ಇಟ್ಟ ಹೆಸರೂ ಅದೇ ಎಂದು ಎಷ್ಟೋ ವರ್ಷಗಳ ನಂತರ ತಿಳಿದಾಗ, ಚಿತ್ರ ಬರೆದವನ ಕೈಗೆ ನಾವು ನೇರವಾಗಿ ಕಿವಿಗೊಟ್ಟಿದ್ದೆವೇನೋ ಎನಿಸಿತು.

ಟೇಲ್ಸ್‌ನ ಹೆಸರಿನ ಇತಿಹಾಸ ಇನ್ನೂ ಸ್ವಾರಸ್ಯಕರ. ಅವನನ್ನು ರೂಪಿಸಿದ ಯಾಸುಶಿ ಯಾಮಾಗುಚಿ ಇಟ್ಟ ಹೆಸರು ಮೈಲ್ಸ್ ಪ್ರೋವರ್. ವೇಗದ ಅಳತೆಯಾದ 'ಮೈಲ್ಸ್ ಪರ್ ಅವರ್' ಮೇಲಿನ ಶ್ಲೇಷೆ ಅದು. ಅಮೆರಿಕದ ಶಾಖೆಗೆ ಟೇಲ್ಸ್ ಎಂಬುದೇ ಬೇಕಾಗಿತ್ತು. ಕೊನೆಗೆ ಒಂದು ಹುಟ್ಟು ಹೆಸರು, ಇನ್ನೊಂದು ಕರೆಯುವ ಹೆಸರು ಎಂದು ರಾಜಿಯಾಯಿತು. 'ಸೋನಿಕ್ 2'ರ ಕಾರ್ಟ್ರಿಜ್ ಜಪಾನಿನ ಕನ್ಸೋಲ್‌ನಲ್ಲಿ ಓಡಿದರೆ ಪರದೆಯ ಮೂಲೆಯಲ್ಲಿ 'ಮೈಲ್ಸ್' ಎಂದೂ, ಹೊರದೇಶದ ಕನ್ಸೋಲ್‌ನಲ್ಲಿ 'ಟೇಲ್ಸ್' ಎಂದೂ ತೋರಿಸುತ್ತಿತ್ತು. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಶಾಲೆಗೊಂದು ಹೆಸರು, ಮನೆಗೊಂದು ಹೆಸರು ಇಲ್ಲ? ಗುಡುಗಿದಾಗ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಹೇಳಿಕೊಳ್ಳುತ್ತ ಬೆಳೆದವರಿಗೆ ಒಬ್ಬನಿಗೆ ಹಲವು ಹೆಸರಿರುವುದು ದೋಷವೆಂದು ತೋರುವುದಿಲ್ಲ. ಯಾವ ಹೆಸರು ಯಾವ ಸಂದರ್ಭದಲ್ಲಿ ಬಂತು ಎಂದು ಹೇಳುವವರಿಲ್ಲದಿದ್ದರೆ ಮಾತ್ರ ತೊಡಕು.

ಈ ತೊಡಕು ಎದ್ದು ಕಾಣುವುದು 'ಪ್ಲಸ್'ನಲ್ಲಿ ಸೇರಿಸಿರುವ, ಗೇಮ್ ಗಿಯರ್ ಎಂಬ ಸೆಗಾದ ಹಳೆಯ ಕೈಯಲ್ಲಿ ಹಿಡಿಯುವ ಯಂತ್ರದ 12 ಆಟಗಳಲ್ಲಿ. 'ಸೋನಿಕ್ ಕೇಯಾಸ್' ಜಪಾನಿನಲ್ಲಿ 'ಸೋನಿಕ್ ಆ್ಯಂಡ್ ಟೇಲ್ಸ್' ಆಗಿತ್ತು, 'ಟ್ರಿಪಲ್ ಟ್ರಬಲ್' ಅಲ್ಲಿ 'ಸೋನಿಕ್ ಆ್ಯಂಡ್ ಟೇಲ್ಸ್ 2' ಆಗಿತ್ತು. ಆ ಎರಡನೆಯ ಆಟದಲ್ಲಿ ಮೊದಲು ಕಾಣಿಸಿಕೊಂಡ ಬೇಟೆಗಾರ ಜಪಾನಿನಲ್ಲಿ ಫ್ಯಾಂಗ್ ದಿ ಸ್ನೈಪರ್, ಅಮೆರಿಕದಲ್ಲಿ ನ್ಯಾಕ್ ದಿ ವೀಸೆಲ್. 2023ರ 'ಸೋನಿಕ್ ಸೂಪರ್‌ಸ್ಟಾರ್ಸ್'ನಲ್ಲಿ ಅವನೇ ಫ್ಯಾಂಗ್ ದಿ ಹಂಟರ್. ಇದೇ ಗುಚ್ಛದಲ್ಲಿರುವ 'ಡಾಕ್ಟರ್ ರೊಬಾಟ್ನಿಕ್ಸ್ ಮೀನ್ ಬೀನ್ ಮಷೀನ್' ಜಪಾನಿನ 'ಪುಯೊ ಪುಯೊ' ಆಟಕ್ಕೆ ಅಮೆರಿಕದ ಕಾರ್ಟೂನಿನ ಪಾತ್ರಗಳನ್ನು ತೊಡಿಸಿ ಮಾಡಿದ್ದು. ಸೆಗಾ ಇಂದು ಎಲ್ಲೆಡೆ ಎಗ್‌ಮನ್ ಎಂದೇ ಬರೆದರೂ ಈ ಶೀರ್ಷಿಕೆಯಲ್ಲಿ ರೊಬಾಟ್ನಿಕ್ ಕಾಲೂರಿ ಕುಳಿತಿದ್ದಾನೆ, ಮತ್ತು ಹಾಗೆ ಕುಳಿತಿರುವುದೇ ಸರಿ. ಹಳೆಯ ಕೃತಿಯ ಶೀರ್ಷಿಕೆಯನ್ನು ಇಂದಿನ ಅನುಕೂಲಕ್ಕೆ ತಿದ್ದಬಾರದು. ಆಟವಾಗಿ ಈ ಭಾಗ ಸಾಧಾರಣ: ಗೇಮ್ ಗಿಯರ್‌ನ ಪರದೆ 160 ಗುಣಿಸು 144 ಚುಕ್ಕೆಗಳಷ್ಟೇ ಆದ್ದರಿಂದ, ದೊಡ್ಡ ಟಿವಿಯಲ್ಲಿ ಆಡಿದರೂ ಎದುರಿಗೆ ಬರುವುದು ಕಾಣುವ ಮೊದಲೇ ಡಿಕ್ಕಿಯಾಗುತ್ತದೆ.

'ಪ್ಲಸ್'ನಲ್ಲಿ ಏಮಿ ರೋಸ್ ನಾಲ್ಕೂ ಮುಖ್ಯ ಆಟಗಳಲ್ಲಿ ಆಡಲು ಸಿಗುತ್ತಾಳೆ, ಮತ್ತು ಸುತ್ತಿಗೆ ಬೀಸುತ್ತ ಸಾಗುವ ಅವಳ ಆಟ ನನಗೆ ನಿರೀಕ್ಷೆಗಿಂತ ಹೆಚ್ಚು ಹಿಡಿಸಿತು. 'ಸಿಡಿ'ಯಲ್ಲಿ ಹುಟ್ಟಿದ ಇದೇ ಹುಡುಗಿಯನ್ನು ಅಮೆರಿಕದ ಕೈಪಿಡಿ ಪ್ರಿನ್ಸೆಸ್ ಸ್ಯಾಲಿ ಎಂದು ಕರೆದಿತ್ತು. ಸ್ಯಾಲಿ ಅಲ್ಲಿನ ಕಾರ್ಟೂನಿನ ಬೇರೆಯೇ ಪಾತ್ರ, ಮುಳ್ಳಿಲಿಯೇ ಅಲ್ಲ. 'ಸೋನಿಕ್ 3'ರಲ್ಲಿ ಸೋನಿಕ್‌ಗೆ ಎದುರಾಳಿಯಾಗಿ ಬರುವ ನಕಲ್ಸ್ ಎಂಬ ಪಾತ್ರ ಕಾಯುವ ದ್ವೀಪದ್ದೂ ಇಂಥದೇ ಕಥೆ. ಪಶ್ಚಿಮದ ಕೈಪಿಡಿ ಅದನ್ನು ಫ್ಲೋಟಿಂಗ್ ಐಲೆಂಡ್ ಎಂದಿತು, ಆದರೆ ಅದರ ಮೊದಲ ಹಂತದ ಹೆಸರು ಏಂಜಲ್ ಐಲೆಂಡ್ ಎಂದೇ ಪರದೆಯ ಮೇಲೆ ಬರುತ್ತಿತ್ತು. ಪಶ್ಚಿಮದವರು ಇಡೀ ಲೋಕಕ್ಕೆ ಇಟ್ಟಿದ್ದ ಮೋಬಿಯಸ್ ಎಂಬ ಗ್ರಹದ ಹೆಸರು ಈ ಸಂಕಲನದ ಕಥೆಯಲ್ಲಿ ಎಲ್ಲಿಯೂ ಇಲ್ಲ. ಅದನ್ನು ಓದಿಕೊಂಡು ಬೆಳೆದವರಿಗೆ ಇದು ನೋವಿನ ಸಂಗತಿ.

ಹಳೆಯ ಕಾವ್ಯಗಳನ್ನು ಸಂಪಾದಿಸುವ ನಮ್ಮ ವಿದ್ವಾಂಸರು ಒಂದು ಪಾಠವನ್ನು ಮೇಲೆ ಅಚ್ಚುಹಾಕಿ ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾರೆ. ಓದುಗನಿಗೆ ಎರಡೂ ದಕ್ಕುತ್ತವೆ. ಒರಿಜಿನ್ಸ್ ಮೇಲಿನ ಪಾಠವನ್ನು ಅಚ್ಚುಕಟ್ಟಾಗಿ ಕೊಟ್ಟು ಅಡಿಯನ್ನು ಖಾಲಿ ಬಿಟ್ಟ ಸಂಪಾದನೆ. ಸಂಗೀತದಲ್ಲಂತೂ ಅದು ಮೇಲಿನ ಪಾಠವನ್ನೇ ಬದಲಿಸಿದೆ. 'ಸೋನಿಕ್ 3'ರ ಕಾರ್ನಿವಲ್ ನೈಟ್, ಐಸ್ ಕ್ಯಾಪ್ ಮತ್ತು ಲಾಂಚ್ ಬೇಸ್ ಹಂತಗಳ ಪ್ರಸಿದ್ಧ ರಾಗಗಳ ಜಾಗದಲ್ಲಿ, ಆಟದ ತಯಾರಿಯ ಕಾಲದ ಬೇರೆ ರಾಗಗಳನ್ನು ಆಧರಿಸಿದ ಸಂಗೀತವಿದೆ. ಐಸ್ ಕ್ಯಾಪ್‌ನ ಹಿಮದ ಇಳಿಜಾರಿನಲ್ಲಿ ಜಾರುವಾಗ ಕಿವಿ ಹಳೆಯದನ್ನೇ ಹುಡುಕುತ್ತದೆ.

ಆಟವಾಗಿ ಅಳೆದರೆ, ಅಗಲ ಪರದೆಯಲ್ಲಿ ಜೀವಗಳ ಲೆಕ್ಕವಿಲ್ಲದೆ ಆಡುವ 'ಆ್ಯನಿವರ್ಸರಿ' ಬಗೆ ಹೊಸಬರಿಗೆ ತಕ್ಕುದು; ಹಳಬರಿಗೆ ಚೌಕಟ್ಟಿನ 'ಕ್ಲಾಸಿಕ್' ಬಗೆಯೂ ಇದೆ. ಮೊದಲ ಬಿಡುಗಡೆಯಲ್ಲಿ ದೋಷಗಳು ಧಾರಾಳವಾಗಿದ್ದವು, ಚಿಲ್ಲರೆ ಸೌಲಭ್ಯಗಳಿಗೂ ಬೇರೆ ಬೆಲೆ ಕಟ್ಟಿದ್ದರು. 'ಪ್ಲಸ್'ನಲ್ಲಿ ಅವು ಒಟ್ಟಿಗೆ ಸಿಗುವುದರಿಂದ ಕೊಳ್ಳುವುದಾದರೆ ಅದನ್ನೇ ಕೊಳ್ಳಿ, ಅದೂ ರಿಯಾಯಿತಿಯ ದಿನ ನೋಡಿ. ಹಳೆಯ 'ಸೋನಿಕ್ 3' ಕಾರ್ಟ್ರಿಜ್ ಅಟ್ಟದ ಮೇಲೆ ಎಲ್ಲಾದರೂ ಉಳಿದಿದ್ದರೆ ಅದನ್ನು ಮಾತ್ರ ಗುಜರಿಗೆ ಹಾಕಬೇಡಿ.