ಆರು ವರ್ಷ, 23,000 ಕಿಮೀ: ಓರ್ಲಿಯಾನ್ ಕಾಡಿನ ಸುತ್ತಮುತ್ತ ನನ್ನ ಸ್ಟೀಲ್ ಸೈಕಲ್

2019ರ ಅಕ್ಟೋಬರ್‌ನಲ್ಲಿ ಈ ಸೈಕಲ್ ಕೊಂಡೆ. ಹೋದ ವಾರ ಮೀಟರ್ 23,000 ಕಿಮೀ ದಾಟಿತು. ಕೊಳ್ಳುವ ಮುಂಚೆ ನಾನು ಓದಿದ ವಿಮರ್ಶೆಗಳೆಲ್ಲ ಹದಿನೈದು ದಿನ ಓಡಿಸಿ ಬರೆದವು. ಹದಿನೈದು ದಿನದಲ್ಲಿ ಸೈಕಲ್ ಚೆಂದ ಇದೆಯಾ ಅಂತ ಗೊತ್ತಾಗುತ್ತದೆ. ನೂರು ಕಿಮೀ ಆದಮೇಲೆ ಅಂಗೈ ಜೋಮು ಹಿಡಿಯುತ್ತದಾ, ಮೂರನೇ ಚಳಿಗಾಲದಲ್ಲಿ ಯಾವ ಬೋಲ್ಟು ತುಕ್ಕು ಹಿಡಿಯುತ್ತದೆ ಅನ್ನೋದಕ್ಕೆ ವರ್ಷಗಳೇ ಬೇಕು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹೇಳುತ್ತಿಲ್ಲ. ಆ ಮಾಡೆಲ್ ಈಗ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಆದರೆ ಇದೇ ಥರದ ಸೈಕಲ್ ಹತ್ತಾರು ಕಂಪನಿಗಳು ಮಾಡುತ್ತವೆ. ಕ್ರೋಮೋಲಿ ಸ್ಟೀಲ್ ಫ್ರೇಮು, ಬಾಗಿದ ರೋಡ್ ಹ್ಯಾಂಡಲ್, 32 ಮಿಮೀ ಟೈರು, ಎರಡೂ ಚಕ್ರಕ್ಕೆ ಪೂರ್ತಿ ಮಡ್‌ಗಾರ್ಡು, ಮುಂದಿನ ಚಕ್ರದ ನಡುವಿನ ಹಬ್‌ನಲ್ಲೇ ದೀಪದ ಡೈನಮೋ, ಕೇಬಲ್ ಎಳೆಯುವ ಡಿಸ್ಕ್ ಬ್ರೇಕು. ಗೇರಿನ ಹಲ್ಲು ಮುಂದೆ 46 ಮತ್ತು 30, ಹಿಂದೆ 11ರಿಂದ 34. ಎಲ್ಲ ಸೇರಿ 12.5 ಕೆಜಿ ತೂಗುತ್ತದೆ. ಕೊಟ್ಟದ್ದು 1,150 ಯೂರೋ.

ಎಲ್ಲಿ ಓಡಿಸಿದೆ ಅನ್ನೋದು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ನಾನಿರುವುದು ಫ್ರಾನ್ಸಿನ ಓರ್ಲಿಯಾನ್‌ನಲ್ಲಿ, ಲ್ವಾರ್ ನದಿಯ ದಡದ ಊರು. ಉತ್ತರಕ್ಕೆ ಹೋದರೆ ಬೋಸ್ ಬಯಲು. ಕಣ್ಣು ಹಾಯುವವರೆಗೂ ಗೋಧಿ, ಒಂದು ಮರ ಸಿಗುವುದು ಕಷ್ಟ, ಎದುರು ಗಾಳಿ ಹಿಡಿಯಿತೆಂದರೆ ಚಪ್ಪಟೆ ನೆಲವೂ ಘಾಟಿಯಂತೆ ಅನ್ನಿಸುತ್ತದೆ. ದಕ್ಷಿಣಕ್ಕೆ ನದಿ ದಾಟಿದರೆ ಸೊಲೊನ್ಯ, ಕೆರೆಗಳ ಸೀಮೆ. ಪೂರ್ವಕ್ಕೆ ಓರ್ಲಿಯಾನ್ ಕಾಡು. ಸುಮಾರು 35,000 ಹೆಕ್ಟೇರ್. ಫ್ರಾನ್ಸಿನ ಮುಖ್ಯ ಭೂಭಾಗದ ಸರ್ಕಾರಿ ಕಾಡುಗಳಲ್ಲಿ ಇದೇ ದೊಡ್ಡದು. ಓಕ್ ಮರಗಳು, ನಡುನಡುವೆ ಪೈನ್ ಮರಗಳು. ಹಿಂದೆ ಬೇಟೆಗಾಗಿ ಕಡಿದ ನೇರ ದಾರಿಗಳು ಆರೋ ಎಂಟೋ ಒಂದೇ ಕಡೆ ಬಂದು ನಕ್ಷತ್ರದ ಹಾಗೆ ಸೇರುತ್ತವೆ. ಅಂಥ ಕೂಡುರಸ್ತೆಗಳಿಗೆ ಒಂದೊಂದು ಹೆಸರು, ಕಂಬಕ್ಕೊಂದು ಹಲಗೆ. ಕೆಲವು ಡಾಂಬರು ದಾರಿಗಳಿಗೆ ಗೇಟು ಹಾಕಿದ್ದಾರೆ, ಕಾರು ಹೋಗುವಂತಿಲ್ಲ. ಸೈಕಲ್ ಪಕ್ಕದಲ್ಲಿ ನುಸುಳಿಸಿಕೊಂಡು ಹೋಗಬಹುದು. ಅಲ್ಲಿಂದ ಮುಂದೆ ಎಷ್ಟೋ ಹೊತ್ತು ಚೈನಿನ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ.

ಇಂಥ ರಸ್ತೆಗಳ ಬಗ್ಗೆ ಯಾರೂ ನನಗೆ ಮೊದಲು ಹೇಳದ ಸಂಗತಿ ಒಂದಿದೆ. ರಸ್ತೆ ಎಷ್ಟು ನಿಶ್ಶಬ್ದವೋ ಅಷ್ಟು ಒರಟು. ಯಾಕೆ ಅಂದರೆ, ಹಳ್ಳಿ ರಸ್ತೆಗಳನ್ನು ಇಲ್ಲಿ ರಿಪೇರಿ ಮಾಡುವುದು ಹೀಗೆ: ಹಳೇ ರಸ್ತೆ ಮೇಲೆ ಡಾಂಬರು ಸಿಂಪಡಿಸಿ, ಸಣ್ಣ ಜಲ್ಲಿ ಹರಡಿ, ರೋಲರ್ ಹಾಯಿಸಿ ಹೋಗಿಬಿಡುತ್ತಾರೆ. 'ಗ್ರಾವಿಯೋಂ' ಅಂತ ಒಂದು ಬೋರ್ಡು ನೆಡುತ್ತಾರೆ, ಸಡಿಲ ಜಲ್ಲಿ ಇದೆ ಹುಷಾರು ಅಂತ. ಆಮೇಲೆ ಆ ಜಲ್ಲಿಯನ್ನು ಕೂರಿಸುವುದು ಓಡಾಡುವ ಗಾಡಿಗಳ ಚಕ್ರ. ದೊಡ್ಡ ರಸ್ತೆಯಲ್ಲಿ ಬೇಗ ನುಣ್ಣಗಾಗುತ್ತದೆ. ದಿನಕ್ಕೆ ನಾಲ್ಕು ಟ್ರ್ಯಾಕ್ಟರ್ ಹೋಗುವ ರಸ್ತೆಯಲ್ಲಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ನಾವು ಹುಡುಕಿಕೊಂಡು ಹೋಗುವುದು ಅಂಥ ರಸ್ತೆಯನ್ನೇ, ಅಲ್ವಾ? ಹಾಗಾಗಿ ಅದಕ್ಕೆ ತಕ್ಕ ಸೈಕಲ್ ಬೇಕು.

ಮೊದಲ ವರ್ಷ ನಾನೂ ತಪ್ಪು ಮಾಡಿದೆ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಗಾಳಿಯ ಒತ್ತಡ 6 ಬಾರ್ ಅಂತ ನೋಡಿ ಅಷ್ಟೂ ತುಂಬಿಸುತ್ತಿದ್ದೆ. 60 ಕಿಮೀ ಆಗುವಷ್ಟರಲ್ಲಿ ಕಿರುಬೆರಳು, ಉಂಗುರದ ಬೆರಳು ಮರಗಟ್ಟುತ್ತಿದ್ದವು. ಒಂದು ಭಾನುವಾರ ಫೇ-ಓ-ಲೋಜ್ ಊರಿನ ಬೇಕರಿ ಮುಂದೆ ಎಪ್ಪತ್ತು ದಾಟಿದ ಒಬ್ಬರು ಸೈಕಲ್ ನಿಲ್ಲಿಸಿದರು. ನಮಸ್ಕಾರ ಹೇಳಿ, ಕೇಳದೆಯೇ ನನ್ನ ಹಿಂದಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಇದು ಕಲ್ಲಾಗಿದೆಯಲ್ಲ! ಗಾಳಿ ಬಿಡಿ, ಇನ್ನೂ ಬಿಡಿ" ಅಂದರು. ಅಲ್ಲೇ ಬಿಟ್ಟೆ. ಈಗ 72 ಕೆಜಿ ತೂಕದ ನನಗೆ ಹಿಂದೆ 4 ಬಾರ್, ಮುಂದೆ 3.5. ಊರಲ್ಲಿ ಪಿಎಸ್‌ಐ ಲೆಕ್ಕ ಹಾಕುವವರಿಗೆ ಅದು ಸುಮಾರು 58 ಮತ್ತು 51. ಬೆರಳು ಜೋಮು ಹಿಡಿಯುವುದು ನಿಂತಿತು. ವೇಗವೂ ಕಡಿಮೆಯಾಗಲಿಲ್ಲ. ಗಟ್ಟಿ ಟೈರು ಒರಟು ರಸ್ತೆಯಲ್ಲಿ ಪ್ರತಿ ಜಲ್ಲಿಗೂ ಕುಪ್ಪಳಿಸುತ್ತದೆ, ನಾವು ಮುಂದೆ ಹೋಗಲು ಹಾಕಿದ ಬಲ ಮೈ ನಡುಗಿಸುವುದಕ್ಕೇ ಖರ್ಚಾಗುತ್ತದೆ. ಮೆತ್ತಗಿನ ಟೈರು ಜಲ್ಲಿಯನ್ನು ನುಂಗಿಕೊಂಡು ಉರುಳುತ್ತದೆ.

2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಗೆಳೆಯನೊಬ್ಬ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಓಡಿಸಲು ಬಂದಿದ್ದ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿಮೀ ಸವಾರಿ ಅದು. ಗರಿಷ್ಠ 90 ಗಂಟೆಯಲ್ಲಿ ಮುಗಿಸಬೇಕು. ಮುಗಿಸಿ ನಾಲ್ಕು ದಿನ ನಮ್ಮ ಮನೆಯಲ್ಲಿದ್ದ. ಅವನದು 25 ಮಿಮೀ ಟೈರಿನ ಕಾರ್ಬನ್ ಸೈಕಲ್, ತುಂಬಾ ಹಗುರ. ಕಾಡಿನ ದಾರಿಯಲ್ಲಿ ಇಬ್ಬರೂ ಅದಲುಬದಲು ಮಾಡಿಕೊಂಡೆವು. ನೂರು ಮೀಟರ್ ಹೋಗಿ ತಿರುಗಿ ನೋಡಿದರೆ ಅವನು ಕಣ್ಣರಳಿಸಿದ್ದ. "ಲೋ, ಇದು ಅದೇ ರಸ್ತೆನಾ?" ಅಂದ. ವಾಪಸ್ ಹೋಗಿ ತನ್ನ ಫ್ರೇಮಿನಲ್ಲಿ ಹಿಡಿಯುವಷ್ಟು ಅಗಲದ ಟೈರು, 28 ಮಿಮೀ, ಹಾಕಿಸಿಕೊಂಡ.

ಟೈರಿನ ಕೆಟ್ಟ ಗುಣವನ್ನೂ ಹೇಳಬೇಕು. ಈ ಸೀಮೆಯಲ್ಲಿ ಚಕಮಕಿ ಕಲ್ಲು ಜಾಸ್ತಿ. ಒಡೆದರೆ ಗಾಜಿನ ಹಾಗೆ ಚೂಪು. ಒಣಗಿದ್ದಾಗ ಅಷ್ಟು ತೊಂದರೆ ಇಲ್ಲ. ಮಳೆ ನೀರು ರಬ್ಬರಿಗೆ ಜಾರುವ ಗುಣ ಕೊಡುವುದರಿಂದ ಒದ್ದೆ ದಿನ ಕಲ್ಲು ಸಲೀಸಾಗಿ ಒಳಗೆ ಹೋಗುತ್ತದೆ. ಆರು ವರ್ಷದಲ್ಲಿ 19 ಪಂಕ್ಚರ್, ಅದರಲ್ಲಿ 14 ಮಳೆಯಲ್ಲೇ. 2021ರ ನವೆಂಬರ್‌ನಲ್ಲಿ ಆಂಗ್ರಾನ್ ಊರಿನ ಹತ್ತಿರ ಟೈರಿನ ಪಕ್ಕವೇ ಎರಡು ಸೆಂಟಿಮೀಟರ್ ಸೀಳಿತು. ತೂತಿನಿಂದ ಟ್ಯೂಬು ಗುಳ್ಳೆ ಕಟ್ಟಿಕೊಂಡು ಹೊರಗೆ ಇಣುಕುತ್ತಿತ್ತು. ಪರ್ಸಿನಲ್ಲಿದ್ದ 5 ಯೂರೋ ನೋಟನ್ನು ನಾಲ್ಕು ಮಡಿಕೆ ಮಾಡಿ ಟೈರಿನ ಒಳಗೆ ಒತ್ತಿಟ್ಟು, ಗಾಳಿ ಅರ್ಧ ತುಂಬಿಸಿ, 30 ಕಿಮೀ ಮೆಲ್ಲಗೆ ಮನೆ ಸೇರಿದೆ. ನೋಟಿಗೂ ಏನೂ ಆಗಿರಲಿಲ್ಲ. ಅಂದಿನಿಂದ ಹಳೇ ಟೈರಿನ ಒಂದು ತುಂಡು ಸೀಟಿನ ಕೆಳಗಿನ ಚೀಲದಲ್ಲಿ ಕಾಯಂ. ಮನೆಗೆ ಬಂದ ತಕ್ಷಣ ಟೈರನ್ನು ಬಟ್ಟೆಯಲ್ಲಿ ಒರೆಸಿ, ಸಿಕ್ಕಿಕೊಂಡ ಕಲ್ಲಿನ ಚೂರನ್ನು ಸೂಜಿಯಲ್ಲಿ ಕೀಳುತ್ತೇನೆ. ಅರ್ಧದಷ್ಟು ಪಂಕ್ಚರ್ ಇದರಿಂದಲೇ ತಪ್ಪಿದೆ ಅಂತ ನನ್ನ ನಂಬಿಕೆ.

ಮಡ್‌ಗಾರ್ಡು ಬೇಡ ಅನ್ನುವವರು ನವೆಂಬರ್‌ನಿಂದ ಫೆಬ್ರವರಿವರೆಗೆ ಒಮ್ಮೆ ಇಲ್ಲಿ ಓಡಿಸಿ ನೋಡಬೇಕು. ಬೀಟ್‌ರೂಟ್ ಕಿತ್ತ ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಹೊತ್ತು ತರುವ ಕೆಸರು, ಕಾಡಿನಲ್ಲಿ ಕೊಳೆತ ಓಕ್ ಎಲೆ, ಎಲ್ಲ ಬೆನ್ನಿಗೇ ಹಾರುತ್ತದೆ. ಮಡ್‌ಗಾರ್ಡು ಇದ್ದರೆ ಪ್ಯಾಂಟು ಒಣಗಿರುತ್ತದೆ, ಚೈನೂ ಜಾಸ್ತಿ ದಿನ ಬಾಳುತ್ತದೆ. ನನ್ನದನ್ನು ಹಿಡಿದಿಡುವ ಹಿಂದಿನ ತಂತಿ ನಾಲ್ಕನೇ ವರ್ಷ ಮುರಿಯಿತು, 8 ಯೂರೋದಲ್ಲಿ ಸರಿಹೋಯಿತು.

ಡೈನಮೋ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂದುಕೊಂಡಿರಲಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲು. ಚಾರ್ಜ್ ಮಾಡುವುದು ಮರೆತೆ ಅನ್ನುವ ಪ್ರಶ್ನೆಯೇ ಇಲ್ಲ. ಹಗಲಲ್ಲೂ ದೀಪ ಹಚ್ಚೇ ಇರುತ್ತೇನೆ. ಕಾಡಿನ ನೆರಳಿನಲ್ಲಿ ಬರುವ ಕಾರಿನವರಿಗೆ ನಾನು ಬೇಗ ಕಾಣಬೇಕು. ಹೇಳಬೇಕಾದದ್ದು ಅಂದರೆ, ಇಲ್ಲಿನ ಕಾರಿನವರು ಹೆಚ್ಚಿನವರು ಪೂರ್ತಿ ಪಕ್ಕದ ಲೇನಿಗೆ ಹೋಗಿ ದಾಟುತ್ತಾರೆ. ಊರಿನ ಹೊರಗೆ 1.5 ಮೀಟರ್, ಊರೊಳಗೆ 1 ಮೀಟರ್ ಬಿಡಬೇಕು ಅಂತ ಕಾನೂನೇ ಇದೆ. ರಾತ್ರಿ ಅಥವಾ ಮಂಜು ಕವಿದಾಗ ಊರಾಚೆ ಹೊಳೆಯುವ ಜಾಕೆಟ್ ಹಾಕುವುದು ನಮಗೂ ಕಡ್ಡಾಯ. ಶರತ್ಕಾಲದಿಂದ ಫೆಬ್ರವರಿ ಕೊನೆವರೆಗೆ ಬೇಟೆಯ ಕಾಲ ಬೇರೆ. ಬೇಟೆ ನಡೆಯುತ್ತಿದೆ ಅನ್ನುವ ಬೋರ್ಡು ಕಂಡರೆ ಆ ಕಾಡುದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತೇನೆ.

ಬ್ರೇಕು ಸಾಧಾರಣ. ಒದ್ದೆಯಾದರೆ ಕಿರುಚುತ್ತದೆ, ಆದರೆ ಹಿಡಿಯುತ್ತದೆ. ಹಳ್ಳಿಗಳಲ್ಲಿ ಅದು ಬೇಕೇ ಬೇಕು. ಈ ರಸ್ತೆಗೇ ಆದ್ಯತೆ ಅನ್ನುವ ಹಳದಿ ಬೋರ್ಡು ಇಲ್ಲದ ಕಡೆ ಬಲಗಡೆಯ ಸಂದಿಯಿಂದ ಬರುವ ಗಾಡಿಗೇ ಮೊದಲ ಹಕ್ಕು. ಸಂದಿ ಎಷ್ಟೇ ಕಿರಿದಾಗಿರಲಿ. ಬಂದ ಹೊಸತರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಒಮ್ಮೆ ಹಾಲಿನ ವ್ಯಾನಿಗೆ ಒಂದು ಗೇಣಿನಲ್ಲಿ ತಪ್ಪಿಸಿಕೊಂಡೆ.

ಗೇರು ನಮ್ಮ ಜಿಲ್ಲೆಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಇದೆ. ಸಾಂ-ಸಾತ್ಯೂರ್‌ನಿಂದ ಸಾಂಸೇರ್ ಗುಡ್ಡ ಹತ್ತುವಾಗ ಮಾತ್ರ ಆ 30-34 ಜೋಡಿಗೆ ಕೈ ಮುಗಿದೆ. ಬಟ್ಟೆ, ಔಷಧಿ, ಎರಡು ದಿನದ ಊಟ ಸೇರಿ 9 ಕೆಜಿ ಹೊರೆ ಇತ್ತು.

ಇನ್ನು ನಿಜವಾದ ಬೇಸರ. ಹಿಂದಿನ ಚಕ್ರದ ಕಡ್ಡಿಗಳು 7,000 ಕಿಮೀ ಆದಮೇಲೆ ಒಂದರ ಹಿಂದೊಂದು ಮುರಿಯತೊಡಗಿದವು. ಎರಡು ತಿಂಗಳಲ್ಲಿ ನಾಲ್ಕು. ಕೊಂಡ ಅಂಗಡಿಯವರು ಗ್ಯಾರಂಟಿ ಕಡ್ಡಿಗೆ ಬರುವುದಿಲ್ಲ ಅಂದರು. ಪ್ರತಿಸಲ ಒಂದು ಕಡ್ಡಿ ಹಾಕಿ ಕಳಿಸಿದರು, ಇಡೀ ಚಕ್ರ ನೋಡಲಿಲ್ಲ. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಎಲ್ಲ ಕಡ್ಡಿ ಬಿಚ್ಚಿ ಹೊಸದಾಗಿ ಹೆಣೆದುಕೊಟ್ಟರು. ಒಂದೊಂದನ್ನೂ ಬೆರಳಲ್ಲಿ ಮೀಟಿ, ಶ್ರುತಿ ಕೇಳಿ ಬಿಗಿ ಮಾಡಿದರು. 110 ಯೂರೋ ಆಯಿತು. ಅಲ್ಲಿಂದ 16,000 ಕಿಮೀ, ಒಂದೂ ಮುರಿದಿಲ್ಲ. ಹೊಸ ಸೈಕಲ್ ಕೊಂಡವರು ಮೊದಲ ಐನೂರು ಕಿಮೀ ಆದಕೂಡಲೇ ಕಡ್ಡಿಗಳ ಬಿಗಿ ನೋಡಿಸಿ ಅಂತ ಕಳಕಳಿಯಿಂದ ಹೇಳುತ್ತೇನೆ. ಫ್ರೇಮಿನ ಒಳಗೆ ತುಕ್ಕು ತಡೆಯುವ ಎಣ್ಣೆ ಹೊಡೆಸುವುದನ್ನೂ ಮರೆಯಬೇಡಿ.

ಖರ್ಚು: ಆರು ಚೈನು, ಎರಡು ಹಿಂದಿನ ಹಲ್ಲುಗಾಲಿ, ಒಂಬತ್ತು ಟೈರು, ಚಕ್ರ, ಬ್ರೇಕ್ ಪ್ಯಾಡು ಎಲ್ಲ ಸೇರಿ ಸುಮಾರು 900 ಯೂರೋ. ಸೈಕಲ್ಲಿನ ಬೆಲೆಯ ಹತ್ತಿರ ಹತ್ತಿರ.

ಜೊತೆಗೆ ಕೊಂಡ ಎರಡು ವಸ್ತುಗಳಿಗೆ ಪೂರ್ತಿ ಅಂಕ. ಒಂದು ಹ್ಯಾಂಡಲ್ ಚೀಲ. ಇನ್ನೊಂದು ಅದರ ಮೇಲಿನ ಪಾರದರ್ಶಕ ಜೇಬಿನಲ್ಲಿ ಕೂರುವ ಮಿಶೆಲಿನ್ ಕಾಗದದ ನಕ್ಷೆ. ದೊಡ್ಡ ರಸ್ತೆ ಕೆಂಪು, ಅದಕ್ಕಿಂತ ಚಿಕ್ಕದು ಹಳದಿ, ಹಳ್ಳಿ ರಸ್ತೆ ಬಿಳಿ. ಚೆಂದದ ದಾರಿಗೆ ಪಕ್ಕದಲ್ಲಿ ಹಸಿರು ಗೆರೆ. ನಾನು ಬಿಳಿಯಿಂದ ಬಿಳಿಗೆ ಹೋಗುತ್ತೇನೆ. ಹೀಗೇ ಹೋಗುತ್ತಾ ಜೆರ್ಮಿನ್ಯಿ-ದೆ-ಪ್ರೆ ಸಿಕ್ಕಿತು. ಚಿಕ್ಕ ಹಳ್ಳಿ. ಒಳಗೆ ಒಂಬತ್ತನೇ ಶತಮಾನದ ಪುಟ್ಟ ಪ್ರಾರ್ಥನಾ ಮಂದಿರ, ಅದರ ಗೋಡೆಯ ಕಮಾನಿನಲ್ಲಿ ಆ ಕಾಲದ್ದೇ ಬಣ್ಣದ ಹರಳಿನ ಚಿತ್ರ. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ನೀರು, ತಿಂಡಿಯ ವಿಷಯದಲ್ಲಿ ಲೆಕ್ಕ ಇಟ್ಟುಕೊಳ್ಳಿ. ಸೋಮವಾರ ಎಷ್ಟೋ ಬೇಕರಿ ಬಾಗಿಲು ಹಾಕಿರುತ್ತವೆ, ಮಧ್ಯಾಹ್ನ ಊರಿಗೆ ಊರೇ ಮಲಗಿದ ಹಾಗಿರುತ್ತದೆ. ನಾನು ಬೆಳಿಗ್ಗೆಯೇ ಎರಡು 'ಶೋಸೋಂ ಓ ಪೋಮ್' ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಸೇಬಿನ ಹೂರಣ ತುಂಬಿ ಮಡಿಚಿ ಬೇಯಿಸಿದ್ದು, ನೋಡಲು ನಮ್ಮ ಕರ್ಜಿಕಾಯಿಯ ಅಕ್ಕ. ನೀರಿಗೆ ಸ್ಮಶಾನದ ನಲ್ಲಿ ಇರುತ್ತದೆ, ಕುಡಿಯಬಾರದು ಅಂತ ಬೋರ್ಡು ಇದೆಯಾ ನೋಡಿಕೊಳ್ಳಬೇಕು. ಒಂದು ಜುಲೈನಲ್ಲಿ ಸೇಶ್‌ಬ್ರಿಯೇರ್ ಅನ್ನುವ ಹಳ್ಳಿಯಲ್ಲಿ ಬಾಟಲಿ ಖಾಲಿಯಾಗಿ ನಿಂತಿದ್ದೆ. ಹೂಕುಂಡಕ್ಕೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರು ಪೈಪನ್ನು ಕೆಳಗಿಟ್ಟು, "ಇದು ಬೇಡ, ಬಿಸಿ ಇರುತ್ತೆ. ತಾಳಿ, ಒಳಗಿಂದ ತಣ್ಣಗಿರೋದು ತರ್ತೀನಿ" ಅಂದು ಎರಡೂ ಬಾಟಲಿ ತೆಗೆದುಕೊಂಡು ಹೋದರು. ತಂದಾಗ ಒಂದರಲ್ಲಿ ಪುದೀನ ಶರಬತ್ತು ಬೆರೆಸಿತ್ತು.

ಮೂರನೇ ಮಹಡಿಯಲ್ಲಿ ಮನೆ, ಲಿಫ್ಟಿಲ್ಲ ಅನ್ನುವವರಿಗೆ 12.5 ಕೆಜಿ ಭಾರವೇ. ರೇಸಿಗೆ ಹೋಗುವವರಿಗೂ ಬೇಡ. ವಾರಕ್ಕೊಮ್ಮೆ 80-100 ಕಿಮೀ, ಬಿಳಿ ಗೆರೆಯ ರಸ್ತೆಗಳಲ್ಲಿ, ಎಲ್ಲ ಕಾಲದಲ್ಲೂ ಓಡಿಸುವವರು ಇಂಥ ಸೈಕಲ್ ಕಣ್ಣುಮುಚ್ಚಿ ಕೊಳ್ಳಿ. ಫ್ರೇಮಿನಲ್ಲಿ ಮಡ್‌ಗಾರ್ಡಿನ ಜೊತೆಗೆ 32 ಮಿಮೀ ಟೈರು ಹಿಡಿಯುತ್ತದಾ ಅಂತ ಮಾತ್ರ ಅಂಗಡಿಯಲ್ಲೇ ಬೆರಳಿಟ್ಟು ನೋಡಿ. ನನ್ನದರಲ್ಲಿ ಈಗ ಪೆಡಲ್ ಬೇರಿಂಗು ಸಣ್ಣಗೆ ಟಿಕ್ ಅನ್ನುತ್ತಿದೆ. ಈ ಶನಿವಾರ ಬಿಚ್ಚಿ ಗ್ರೀಸ್ ಹಾಕುತ್ತೇನೆ, ಭಾನುವಾರ ಬೆಳಿಗ್ಗೆ ಕಾಲುವೆ ಪಕ್ಕದ ದಾರಿಯಲ್ಲಿ ಕೊಂಬ್ರೊ ಕಡೆಗೆ.